ಐಸಾಕ್ಸಜೋಲ್: ಹನಿಹನಿಯಾಗಿ ಕಟ್ಟುವ ಉಂಗುರ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಬೇಕೆಂದಿರುವುದು ಐದು ಮೂಲೆಯ ಒಂದು ಪುಟ್ಟ ಉಂಗುರದ ಬಗ್ಗೆ. ಅದರ ಹೆಸರು ಐಸಾಕ್ಸಜೋಲ್. ಹೆಸರು ಕೇಳಿಲ್ಲದಿರಬಹುದು, ಆದರೆ ನಿಮ್ಮಲ್ಲಿ ಎಷ್ಟೋ ಜನ ಇದನ್ನು ಆಗಲೇ ನುಂಗಿದ್ದೀರಿ. ಕೋ-ಟ್ರೈಮಾಕ್ಸಜೋಲ್ ಮಾತ್ರೆಯಲ್ಲಿ ಎರಡು ಔಷಧಿಗಳಿರುತ್ತವೆ. ಅವುಗಳಲ್ಲಿ ಒಂದು ಸಲ್ಫಾಮೆಥಾಕ್ಸಜೋಲ್. ಅದರ ಒಂದು ತುದಿಯಲ್ಲಿ ಇರುವುದು ಇದೇ ಉಂಗುರ. ಕ್ಲಾಕ್ಸಾಸಿಲಿನ್ ಎಂಬ ಪ್ರತಿಜೀವಕದಲ್ಲಿದೆ. ಕೀಲುವಾತಕ್ಕೆ ಕೊಡುವ ಲೆಫ್ಲುನಮೈಡ್‌ನಲ್ಲಿದೆ. ಕೆಂಪು ಟೊಪ್ಪಿಗೆಯ ಮೇಲೆ ಬಿಳಿ ಚುಕ್ಕೆಗಳಿರುವ ಅಮಾನಿಟಾ ಮಸ್ಕೇರಿಯಾ ಎಂಬ ವಿಷದ ಅಣಬೆಯನ್ನು ಚಿತ್ರಗಳಲ್ಲಿ ನೋಡಿರುತ್ತೀರಿ. ಅದರಲ್ಲಿ ಮತ್ತೇರಿಸುವ ಮಸ್ಸಿಮಾಲ್ ಕೂಡ ಇದೇ ಉಂಗುರದ್ದು.

ಐದು ಜನ ಕೈಕೈ ಹಿಡಿದು ಸುತ್ತ ನಿಂತಿದ್ದಾರೆ ಎಂದುಕೊಳ್ಳಿ. ಮೂವರು ಇಂಗಾಲ, ಒಬ್ಬ ಸಾರಜನಕ, ಒಬ್ಬ ಆಮ್ಲಜನಕ. ಸಾರಜನಕ, ಆಮ್ಲಜನಕ ಇಬ್ಬರೂ ಅಕ್ಕಪಕ್ಕ. ಅವರ ನಡುವಿನ ಹಿಡಿತ ಮಾತ್ರ ಉಳಿದವರದ್ದಕ್ಕಿಂತ ಸಡಿಲ. ಎಣಿಕೆ ಶುರುವಾಗುವುದು ಆಮ್ಲಜನಕದಿಂದ. ಅದು 1, ಸಾರಜನಕ 2, ಇಂಗಾಲಗಳು 3, 4, 5. ಇಷ್ಟು ಗೊತ್ತಿದ್ದರೆ ಮುಂದಿನದ್ದೆಲ್ಲ ಅರ್ಥವಾಗುತ್ತದೆ.

ನನ್ನ ಮಾತು ಮುಖ್ಯವಾಗಿ ಸಾವಯವ ರಸಾಯನದ ಲ್ಯಾಬಿಗೆ ಈಗಷ್ಟೇ ಕಾಲಿಟ್ಟಿರುವ ಹುಡುಗ ಹುಡುಗಿಯರಿಗೆ. ಉಳಿದವರೂ ಕೇಳಿ, ಕಷ್ಟವೇನಿಲ್ಲ. ಒಂದೇ ಒಂದು ಸಂಗತಿ ನಿಮ್ಮ ತಲೆಯಲ್ಲಿ ಕೂತರೆ ನಾನು ಬಂದದ್ದಕ್ಕೂ ಸಾರ್ಥಕ. ಅದನ್ನು ಈಗಲೇ ಹೇಳಿಬಿಡುತ್ತೇನೆ: ಜೊತೆಗಾರ ಮೊದಲೇ ಫ್ಲಾಸ್ಕಿನಲ್ಲಿ ಇರಬೇಕು, ನೈಟ್ರೈಲ್ ಆಕ್ಸೈಡ್ ಆಮೇಲೆ ಹನಿಹನಿಯಾಗಿ ಹುಟ್ಟಬೇಕು. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಹಳೆಯ ದಾರಿ ಮೊದಲು. 1888ರಲ್ಲಿ ಜರ್ಮನಿಯ ಲುಡ್ವಿಗ್ ಕ್ಲೈಸನ್ ಅವರು ಬೆಂಜಾಯಿಲ್ ಅಸಿಟೋನಿಗೆ ಹೈಡ್ರಾಕ್ಸಿಲಮೀನ್ ಸೇರಿಸಿದಾಗ ಸಿಗುವ ವಸ್ತು ಒಂದು ಉಂಗುರ ಎಂದು ಗುರುತಿಸಿದರು. ಬೆಂಜಾಯಿಲ್ ಅಸಿಟೋನ್ ಒಂದು ಡೈಕೀಟೋನ್, ಅಂದರೆ ಎರಡು ಕೀಟೋನ್‌ಗಳ ನಡುವೆ ಒಂದೇ ಇಂಗಾಲ ಇರುವ ಅಣು. ಮೂರು ಇಂಗಾಲ ಅದು ಕೊಡುತ್ತದೆ, ಸಾರಜನಕ ಮತ್ತು ಆಮ್ಲಜನಕವನ್ನು ಹೈಡ್ರಾಕ್ಸಿಲಮೀನ್ ಕೊಡುತ್ತದೆ, ನೀರು ಹೊರಬೀಳುತ್ತದೆ. ಸುಲಭ, ಅಗ್ಗ, ಇವತ್ತಿಗೂ ನಡೆಯುತ್ತದೆ. ತೊಂದರೆ ಒಂದೇ. ಡೈಕೀಟೋನಿನ ಎರಡು ಬದಿಗಳು ಬೇರೆಬೇರೆ ಆಗಿದ್ದರೆ ಹೈಡ್ರಾಕ್ಸಿಲಮೀನಿನ ಸಾರಜನಕ ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು. ಆಗ ಎರಡು ಐಸಾಕ್ಸಜೋಲ್‌ಗಳು ಬೆರೆತು ಸಿಗುತ್ತವೆ. ಅವು ಅವಳಿಗಳು, ಕಾಲಂನಲ್ಲಿ, ಅಂದರೆ ಬೆರಕೆಯನ್ನು ಬಿಡಿಬಿಡಿ ಮಾಡುವ ಉದ್ದನೆಯ ಗಾಜಿನ ಕೊಳವೆಯಲ್ಲಿ, ಬೇರ್ಪಡಿಸಲು ಹೋದರೆ ದಿನ ಹಾಳು.

ಇನ್ನೊಂದು ದಾರಿಯೇ ನನಗೆ ಇಷ್ಟವಾದದ್ದು. ನೈಟ್ರೈಲ್ ಆಕ್ಸೈಡ್ ಎಂಬ ಅಣುವಿನಲ್ಲಿ ಇಂಗಾಲ, ಸಾರಜನಕ, ಆಮ್ಲಜನಕ ಈ ಮೂರೂ ಒಂದೇ ಸಾಲಿನಲ್ಲಿ ನೇರವಾಗಿ ನಿಂತಿರುತ್ತವೆ. ಅದರ ಎದುರಿಗೆ ಆಲ್ಕೈನ್, ಅಂದರೆ ತ್ರಿಬಂಧದ ಎರಡು ಇಂಗಾಲ ಬಂದರೆ ಸಾಕು, ಸಾಲಿನ ಎರಡು ತುದಿಗಳು ಆ ಎರಡು ಇಂಗಾಲಗಳನ್ನು ಹಿಡಿದುಕೊಳ್ಳುತ್ತವೆ. ಒಂದೇ ಹೆಜ್ಜೆಯಲ್ಲಿ ಉಂಗುರ ಸಿದ್ಧ! ಹೊರಬೀಳುವ ಕಸ ಇಲ್ಲ, ಇಬ್ಬರ ಒಂದು ಪರಮಾಣುವೂ ವ್ಯರ್ಥವಾಗುವುದಿಲ್ಲ. ಈ ಅಣುಗಳ ಮೇಲೆ ಇಟಲಿಯ ಅಡಾಲ್ಫೊ ಕ್ವಿಲಿಕೊ ಬಹಳ ಕೆಲಸ ಮಾಡಿದರು. 1960ರ ದಶಕದಲ್ಲಿ ಮ್ಯೂನಿಕ್‌ನ ರಾಲ್ಫ್ ಹ್ಯೂಸ್ಗನ್ ಇಂಥ ಕ್ರಿಯೆಗಳನ್ನೆಲ್ಲ ಒಂದೇ ಸೂತ್ರದಲ್ಲಿ ಪೋಣಿಸಿ, ಅವು ನಡೆಯುವ ಬಗೆಯನ್ನು ತೋರಿಸಿಕೊಟ್ಟರು. ನಾನು ಅದನ್ನು ಮೊದಲ ಸಲ ಓದಿದಾಗ ಆದ ಸಂತೋಷ ಈಗಲೂ ಹಾಗೇ ಇದೆ.

ಆದರೆ ನೈಟ್ರೈಲ್ ಆಕ್ಸೈಡನ್ನು ಮಾಡಿ ಬಾಟಲಿಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಜೊತೆಗಾರ, ಅಂದರೆ ಆ ಆಲ್ಕೈನ್, ಸಿಗದಿದ್ದರೆ ಅದು ತನ್ನಂಥದ್ದೇ ಇನ್ನೊಂದನ್ನು ಹಿಡಿದುಕೊಂಡು ಫ್ಯೂರಾಕ್ಸಾನ್ ಆಗಿಬಿಡುತ್ತದೆ. ಅದೂ ಐದು ಮೂಲೆಯ ಉಂಗುರವೇ, ಆದರೆ ನಿಮಗೆ ಬೇಕಾದದ್ದಲ್ಲ. ಹಾಗಾಗಿ ಅದು ಫ್ಲಾಸ್ಕಿನೊಳಗೇ ಹುಟ್ಟಬೇಕು, ಹುಟ್ಟಿದ ಕೂಡಲೇ ಮುಗಿಯಬೇಕು. ಮಾಡುವ ಕ್ರಮ ಹೀಗೆ. ಆಲ್ಡಿಹೈಡಿಗೆ ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್ ಸೇರಿಸಿದರೆ ಆಕ್ಸೈಮ್. ಆಕ್ಸೈಮಿಗೆ ಎನ್-ಕ್ಲೋರೋಸಕ್ಸಿನಿಮೈಡ್ ಸೇರಿಸಿದರೆ ಕ್ಲೋರೋಆಕ್ಸೈಮ್. ಅದಕ್ಕೆ ಟ್ರೈಈಥೈಲಮೀನ್ ಎಂಬ ಪ್ರತ್ಯಾಮ್ಲ ತಾಗಿದ ಕ್ಷಣ ನೈಟ್ರೈಲ್ ಆಕ್ಸೈಡ್ ಹುಟ್ಟುತ್ತದೆ. ಅಂದರೆ ನಲ್ಲಿ ನಿಮ್ಮ ಕೈಯಲ್ಲಿದೆ. ಪ್ರತ್ಯಾಮ್ಲ ಎಷ್ಟು ಬಿಡುತ್ತೀರೋ ಅಷ್ಟೇ ಹುಟ್ಟುತ್ತದೆ.

ಇಲ್ಲಿ ಒಬ್ಬ ವಿದ್ಯಾರ್ಥಿನಿಯ ಕೆಲಸವನ್ನು ಹೇಳಲೇಬೇಕು. ಬಹಳ ಚುರುಕು ಹುಡುಗಿ. ಬೆಂಜಾಲ್ಡಿಹೈಡಿನಿಂದ ಶುರುಮಾಡಿ ಫೀನೈಲ್ ಅಸಿಟಿಲೀನ್ ಎಂಬ ಆಲ್ಕೈನ್ ಜೊತೆ ಕೂಡಿಸಿ 3,5-ಡೈಫೀನೈಲ್ ಐಸಾಕ್ಸಜೋಲ್ ಮಾಡುವುದು ಅವಳ ಕೆಲಸ. ಒಂದು ಬೆಳಿಗ್ಗೆ ನನ್ನ ಕೋಣೆಗೆ ಬಂದಳು. "ಮೇಡಂ, ಬಂದುಬಿಟ್ಟಿತು!" ಕೈಯಲ್ಲಿ ವಾಚ್ ಗ್ಲಾಸ್, ಅದರ ಮೇಲೆ ಬೆಳ್ಳನೆಯ ಹರಳು. ಎಥೆನಾಲಿನಿಂದ ಹರಳುಗಟ್ಟಿಸಿದ್ದಳು, ಬೆರೆತ ವಸ್ತುಗಳನ್ನು ತಟ್ಟೆಯ ಮೇಲೆ ಬೇರೆಬೇರೆ ಚುಕ್ಕೆಗಳಾಗಿ ತೋರಿಸುವ ಟಿಎಲ್‌ಸಿಯಲ್ಲಿ ಒಂದೇ ಚುಕ್ಕೆ. ನೋಡಿದರೆ ಯಾರೂ ಶಂಕಿಸುವಂತಿರಲಿಲ್ಲ. "ಎನ್‌ಎಂಆರ್ ಕೊಡಮ್ಮಾ, ಆಮೇಲೆ ಮಾತಾಡೋಣ" ಎಂದೆ.

ಎನ್‌ಎಂಆರ್ ಬಂತು. ಅಣುವಿನಲ್ಲಿರುವ ಬೇರೆಬೇರೆ ಬಗೆಯ ಹೈಡ್ರೋಜನ್‌ಗಳನ್ನು ಹಾಳೆಯ ಮೇಲೆ ಗೆರೆಗಳಾಗಿ ತೋರಿಸುವ ಪರೀಕ್ಷೆ ಅದು. ಈ ಐಸಾಕ್ಸಜೋಲಿನಲ್ಲಿ ನಾಲ್ಕನೇ ಮೂಲೆಯ ಇಂಗಾಲದ ಮೇಲೆ ಒಂಟಿ ಹೈಡ್ರೋಜನ್ ಒಂದು ಇರುತ್ತದೆ. ಅದು ಆ ಹಾಳೆಯ ಅಳತೆಯಲ್ಲಿ 6.8 ಪಿಪಿಎಂ ಆಸುಪಾಸಿನಲ್ಲಿ ಚೂಪಾದ ಒಂಟಿ ಗೆರೆಯಾಗಿ ನಿಲ್ಲುತ್ತದೆ. ಅವಳ ಹಾಳೆಯಲ್ಲಿ ಬೆಂಜೀನ್ ಉಂಗುರದ ಹೈಡ್ರೋಜನ್‌ಗಳೆಲ್ಲ ಇದ್ದವು, ಆ ಒಂಟಿ ಗೆರೆ ಇರಲಿಲ್ಲ. ಅಣುವಿನ ತೂಕ ಹೇಳುವ ಮಾಸ್ ಸ್ಪೆಕ್ಟ್ರಮ್ ತೆಗೆಸಿದೆವು. ಬರಬೇಕಾದದ್ದು 221, ಬಂದದ್ದು 238. ಬೆಂಜೋನೈಟ್ರೈಲ್ ಆಕ್ಸೈಡಿನ ತೂಕ 119. ಅದರ ಎರಡರಷ್ಟು 238. ಹರಳು ಶುದ್ಧವೇ, ಆದರೆ ಅದು ಶುದ್ಧವಾದ ಫ್ಯೂರಾಕ್ಸಾನ್.

ಹುಡುಗಿ ಬಿಡುವವಳಲ್ಲ. ದ್ರಾವಕ ಬದಲಿಸಿದಳು. ಬಿಸಿ ಮಾಡಿ ನೋಡಿದಳು. ಹೊಸ ಬಾಟಲಿ ತೆರೆದಳು. ಪ್ರತಿ ಸಲವೂ ಅದೇ ಹರಳು. ಫೀನೈಲ್ ಅಸಿಟಿಲೀನ್ ಮಾತ್ರ ಹಾಕಿದ್ದು ಹಾಕಿದ ಹಾಗೆ ಕಾಲಂನಿಂದ ವಾಪಸ್ಸು. ಕೊನೆಗೆ "ಏನು ಮಾಡ್ತೀಯೋ ನನ್ನ ಮುಂದೆಯೇ ಮಾಡು" ಎಂದು ಅವಳ ಪಕ್ಕ ನಿಂತೆ. ಕ್ಲೋರೋಆಕ್ಸೈಮ್ ಕರಗಿಸಿದಳು. ಟ್ರೈಈಥೈಲಮೀನ್ ಅಷ್ಟನ್ನೂ ಸಿರಿಂಜಿನಿಂದ ಒಂದೇ ಸಲ ಒತ್ತಿದಳು. ಬಿಳಿಯ ಉಪ್ಪು ಬಿತ್ತು. ಆಮೇಲೆ ತಕ್ಕಡಿಯ ಹತ್ತಿರ ಹೋಗಿ ನಿಧಾನವಾಗಿ ಫೀನೈಲ್ ಅಸಿಟಿಲೀನ್ ತೂಗತೊಡಗಿದಳು.

ಅವಳು ತೂಗಿ ತರುವಷ್ಟರಲ್ಲಿ ಅಲ್ಲಿ ಎಷ್ಟು ನೈಟ್ರೈಲ್ ಆಕ್ಸೈಡ್ ಉಳಿದಿರುತ್ತದೆ ಹೇಳಿ?

ಅವಳ ತಪ್ಪೇನೂ ಇಲ್ಲ. ಅವಳು ಅನುಸರಿಸಿದ ವಿಧಾನದಲ್ಲಿ "ಪ್ರತ್ಯಾಮ್ಲ ಸೇರಿಸಲಾಯಿತು" ಎಂದಷ್ಟೇ ಬರೆದಿತ್ತು. ಯಾವಾಗ ಸೇರಿಸಬೇಕು, ಎಷ್ಟು ಹೊತ್ತಿನಲ್ಲಿ, ಫ್ಲಾಸ್ಕಿನಲ್ಲಿ ಆಗ ಯಾರಿದ್ದರು, ಒಂದೂ ಇಲ್ಲ. ಹೀಗೆ ಬರೆಯುವವರನ್ನು ಕಂಡರೆ ನನಗೆ ತಾಳ್ಮೆ ಇರುವುದಿಲ್ಲ. ಇಡೀ ಪ್ರಯೋಗ ನಿಂತಿರುವುದೇ ಆ ಒಂದು ಸಾಲಿನ ಮೇಲೆ!

ಮರುದಿನ ಕ್ರಮ ತಿರುಗಿಸಿದೆವು. ಫ್ಲಾಸ್ಕಿನಲ್ಲಿ ಮೊದಲೇ ಫೀನೈಲ್ ಅಸಿಟಿಲೀನ್, ಅದರ ಜೊತೆ ಕ್ಲೋರೋಆಕ್ಸೈಮ್, ಕೆಳಗೆ ಮಂಜುಗಡ್ಡೆ. ಟ್ರೈಈಥೈಲಮೀನನ್ನು ದ್ರಾವಕದಲ್ಲಿ ತೆಳುಮಾಡಿ ಡ್ರಾಪಿಂಗ್ ಫನೆಲ್‌ಗೆ ಹಾಕಿ, ಒಂದು ಹನಿ ಬಿದ್ದು ಕರಗಿದ ಮೇಲೆ ಇನ್ನೊಂದು ಹನಿ. ಮಧ್ಯಾಹ್ನವೆಲ್ಲ ಅದೇ ಕೆಲಸ. ಸಂಜೆ ಟಿಎಲ್‌ಸಿಯಲ್ಲಿ ಹೊಸ ಚುಕ್ಕೆ. ಎನ್‌ಎಂಆರ್‌ನಲ್ಲಿ 6.8ರ ಹತ್ತಿರ ಆ ಒಂಟಿ ಗೆರೆ. ಮಾಸ್ 221. ಹೊಸದಾಗಿ ಒಂದು ರಾಸಾಯನಿಕವನ್ನೂ ತರಿಸಿರಲಿಲ್ಲ.

ಇದರ ಲೆಕ್ಕ ಸರಳ. ನೈಟ್ರೈಲ್ ಆಕ್ಸೈಡಿನ ಸಾಂದ್ರತೆ ಹತ್ತರಲ್ಲಿ ಒಂದು ಪಾಲಿಗೆ ಇಳಿದರೆ, ಆಲ್ಕೈನ್ ಜೊತೆ ಅದು ಕೂಡುವ ವೇಗವೂ ಹತ್ತರಲ್ಲಿ ಒಂದು ಪಾಲಾಗುತ್ತದೆ. ಆದರೆ ಅದು ತನ್ನಂಥದ್ದರ ಜೊತೆಯೇ ಕೂಡಲು ಎರಡು ಬೇಕಲ್ಲ, ಆ ವೇಗ ನೂರರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಹನಿ ನಿಧಾನವಾದಷ್ಟೂ ಐಸಾಕ್ಸಜೋಲಿಗೆ ಲಾಭ, ಫ್ಯೂರಾಕ್ಸಾನಿಗೆ ನಷ್ಟ. ಜೊತೆಗಾರ ಮೊದಲು, ನೈಟ್ರೈಲ್ ಆಕ್ಸೈಡ್ ಆಮೇಲೆ.

ಇದನ್ನು ಹೇಳುವುದರಲ್ಲೇ ಹೆಚ್ಚು ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ತುದಿಯಲ್ಲಿ ತ್ರಿಬಂಧ ಇರುವ ಆಲ್ಕೈನ್ ತೆಗೆದುಕೊಂಡರೆ ಅದರ ಬಾಲ ಸಾಮಾನ್ಯವಾಗಿ ಐದನೇ ಮೂಲೆಗೆ ಹೋಗಿ ಕೂರುತ್ತದೆ. ಅದು ಇನ್ನೂ ಖಚಿತವಾಗಬೇಕೆಂದರೆ ವೇಗವರ್ಧಕವಾಗಿ ತಾಮ್ರ ಇದೆ. ವಲೇರಿ ಫೋಕಿನ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದ್ದು. ನಾಲ್ಕನೇ ಮೂಲೆಯಲ್ಲಿ ಬೇಕೆಂದರೆ ರುಥೇನಿಯಂ. 2008ರಲ್ಲಿ ಅದೂ ಫೋಕಿನ್ ಅವರ ಲ್ಯಾಬಿನಿಂದಲೇ ಬಂತು. ನೈಟ್ರೈಲ್ ಆಕ್ಸೈಡಿನ ಜಾಗದಲ್ಲಿ ಅಜೈಡ್ ಇಟ್ಟರೆ ಐಸಾಕ್ಸಜೋಲ್ ಬದಲು ಟ್ರೈಅಜೋಲ್ ಸಿಗುತ್ತದೆ. 2022ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಗೆ ಕಾರಣವಾದ ಕ್ಲಿಕ್ ಕೆಮಿಸ್ಟ್ರಿಯಲ್ಲಿ ಈ ಕ್ರಿಯೆಗೇ ಮೊದಲ ಸ್ಥಾನ. ಕ್ಲೈಸನ್ ದಾರಿಯಲ್ಲಿ ಹೈಡ್ರಾಕ್ಸಿಲಮೀನ್ ಬದಲು ಹೈಡ್ರಜೀನ್ ಹಾಕಿದರೆ ಪೈರಜೋಲ್.

ತ್ರಿಬಂಧದ ಬದಲು ದ್ವಿಬಂಧ ಕೊಟ್ಟರೆ ಐಸಾಕ್ಸಜೋಲೀನ್. ಆಗ ಆ ಸಡಿಲ ಹಿಡಿತ ಉಪಯೋಗಕ್ಕೆ ಬರುತ್ತದೆ. ರೇನಿ ನಿಕ್ಕಲ್ ಎಂಬ ವೇಗವರ್ಧಕ ಮತ್ತು ಹೈಡ್ರೋಜನ್‌ನಿಂದ ಸಾರಜನಕ-ಆಮ್ಲಜನಕದ ಬಂಧ ಕತ್ತರಿಸಿ ಹೈಡ್ರಾಕ್ಸಿ ಕೀಟೋನ್ ಪಡೆಯಬಹುದು. ಉಂಗುರ ಕಟ್ಟುವುದು ಕೆಲವೊಮ್ಮೆ ಹೀಗೆ ಬಿಚ್ಚುವುದಕ್ಕಾಗಿಯೇ. ಲೆಫ್ಲುನಮೈಡ್ ವಿಷಯದಲ್ಲಿ ಬಿಚ್ಚುವ ಕೆಲಸ ನಮ್ಮ ದೇಹದ್ದು. ನುಂಗಿದ ಮೇಲೆ ಅದೇ ಬಂಧ ಮುರಿದು ಟೆರಿಫ್ಲುನಮೈಡ್ ಆಗುತ್ತದೆ. ಕೀಲಿನ ಉರಿಯೂತ ಇಳಿಸುವುದು ಆ ಬಿಚ್ಚಿದ ರೂಪ.

ಕ್ಲೋರೋಆಕ್ಸೈಮ್ ಬೇಡವೆನ್ನುವವರಿಗೆ ಬೇರೆ ದಾರಿಗಳೂ ಇವೆ. 1960ರಲ್ಲಿ ಮುಕೈಯಾಮ ಮತ್ತು ಹೋಶಿನೊ ನೈಟ್ರೋಆಲ್ಕೇನಿಗೆ ಫೀನೈಲ್ ಐಸೋಸಯನೇಟ್ ಸೇರಿಸಿ ನೈಟ್ರೈಲ್ ಆಕ್ಸೈಡ್ ಹುಟ್ಟಿಸಿದರು. ಬಟ್ಟೆ ಬಿಳುಪು ಮಾಡುವ ಬ್ಲೀಚ್ ದ್ರಾವಣವನ್ನು ಆಕ್ಸೈಮಿಗೆ ಹನಿಸಿದರೂ ಆಗುತ್ತದೆ. ಯಾವ ದಾರಿ ಹಿಡಿದರೂ ನಿಯಮ ಬದಲಾಗುವುದಿಲ್ಲ: ಜೊತೆಗಾರ ಕಾಯುತ್ತಿರಬೇಕು.

ಹನಿಯ ವೇಗ ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಫ್ಯೂರಾಕ್ಸಾನನ್ನು ಒಮ್ಮೆ ಬೇಕೆಂದೇ ಮಾಡಿಟ್ಟುಕೊಳ್ಳಿ. ಕ್ಲೋರೋಆಕ್ಸೈಮಿಗೆ ಒಂದೇ ಸಲ ಪ್ರತ್ಯಾಮ್ಲ ಸುರಿದರೆ ಅದು ತಾನೇ ಬರುತ್ತದೆ. ಟಿಎಲ್‌ಸಿ ತಟ್ಟೆಯ ಮೇಲೆ ಅದರ ಚುಕ್ಕೆಯನ್ನು ನಿಮ್ಮ ಕ್ರಿಯೆಯ ಚುಕ್ಕೆಯ ಪಕ್ಕದಲ್ಲೇ ಇಡಿ. ಅರ್ಧ ಪ್ರತ್ಯಾಮ್ಲ ಬಿದ್ದ ಹೊತ್ತಿಗೆ ಆ ಎತ್ತರದಲ್ಲಿ ಚುಕ್ಕೆ ಮೂಡಿದ್ದರೆ ನಲ್ಲಿಯನ್ನು ಇನ್ನಷ್ಟು ಬಿಗಿಮಾಡಿ, ಸಿರಿಂಜ್ ಪಂಪ್ ಇದ್ದರೆ ಅದಕ್ಕೆ ವಹಿಸಿ. ನಮಸ್ಕಾರ.