ಕಟ್ಟಡ ಬೇಡ, ಆಳು ಕೊಡಿ

ಗೋವಾದ ಕನ್ನಡ ಕೇಳುಗರಿಗೆ ನಮಸ್ಕಾರ.

ವಾಸ್ಕೋ, ಮಡಗಾಂವ್ ಕಡೆ ಇರುವವರು ಈಗ ಚಹಾಕ್ಕೆ ನೀರಿಟ್ಟು ಕೂತಿದ್ದರೆ, ಆ ನೀರು ಸಾಂಗೇ ತಾಲೂಕಿನದು. ಸಾಳಾವಳಿ ಅಣೆಕಟ್ಟೆಯಿಂದ ಬಂದದ್ದು. ದಕ್ಷಿಣ ಗೋವಾದ ಬಹುಭಾಗ ಕುಡಿಯುವುದು ಅದನ್ನೇ. ಪ್ರವಾಸಿಗಳು ತುಂಬಿ ತುಳುಕುವ ಕಡಲತೀರಕ್ಕೆ ನೀರು ಕೊಟ್ಟ ತಾಲೂಕಿಗೆ ಪ್ರವಾಸೋದ್ಯಮದ ಹಣ ಎಷ್ಟು ಹೋಗಿದೆ? ಇವತ್ತಿನ ವಿಷಯ ಇದೇ.

ನಾನು ಹೇಳಲು ಬಂದಿರುವುದು ಒಂದೇ ಮಾತು. ಅದನ್ನೇ ನಾಲ್ಕಾರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಒಳನಾಡಿನ ಐತಿಹಾಸಿಕ ಜಾಗಗಳಿಗೆ ಹಣ ಕೇಳುವಾಗ ಕಟ್ಟಡ ಕೇಳಬೇಡಿ, ಆಳು ಕೇಳಿ. ಕಾವಲಿಗೆ ಆಳು, ಗುಡಿಸಲಿಕ್ಕೆ ಆಳು, ಕಥೆ ಹೇಳಲಿಕ್ಕೆ ಆಳು.

ಕೇಂದ್ರ ಸರ್ಕಾರದ ಸ್ವದೇಶ ದರ್ಶನ ಎಂಬ ಪ್ರವಾಸೋದ್ಯಮ ಯೋಜನೆಯಲ್ಲಿ 2016-17 ಮತ್ತು 2017-18ರಲ್ಲಿ ಗೋವಾಕ್ಕೆ ಎರಡು ಮಂಜೂರಾತಿ ಬಂದವು. ಒಂದೊಂದೂ ನೂರು ಕೋಟಿ ರೂಪಾಯಿಯ ಆಸುಪಾಸು. ಎರಡರ ಹೆಸರೂ ಕರಾವಳಿ ಸರ್ಕ್ಯೂಟ್. ಒಂದರಲ್ಲಿ ಬಾಗಾ, ಅಂಜುಣೆ, ವಾಗಾತೋರ್, ಮೊರಜಿ, ಅಗ್ವಾದಾ ಕೋಟೆ. ಇನ್ನೊಂದರಲ್ಲಿ ದೋನಾಪಾವ್ಲ, ಕೊಲ್ವಾ, ಬೆನಾವ್ಲಿ. ಆಮೇಲೆ ಯೋಜನೆಯ ಎರಡನೇ ಆವೃತ್ತಿ ಬಂತು. ಆಗ ಆರಿಸಿದ್ದು ಪರ್ವರಿ ಮತ್ತು, ಮತ್ತೊಮ್ಮೆ, ಕೊಲ್ವಾ. ಗೋವಾದ ನಕ್ಷೆ ತೆಗೆದು ಈ ಹೆಸರುಗಳ ಮೇಲೆ ಬೆರಳಿಡುತ್ತ ಹೋಗಿ. ಬೆರಳು ಪಡುವಣದ ಅಂಚು ಬಿಟ್ಟು ಒಳಗೆ ಬರುವುದೇ ಇಲ್ಲ. ಸಾಂಗೇ, ಕೇಪೆ, ಧಾರಬಾಂದೋಡಾ, ಸತ್ತರಿ ತಾಲೂಕುಗಳಿರುವುದು ನಕ್ಷೆಯಲ್ಲಿ ಹಸಿರಾಗಿ ಕಾಣುವ ಮೂಡಣದ ಭಾಗದಲ್ಲಿ.

ಇಷ್ಟು ಹೇಳಿದ ತಕ್ಷಣ ಕೆಲವರು "ಹಾಗಾದರೆ ಅಲ್ಲೂ ನೂರು ಕೋಟಿ ಹಾಕಲಿ" ಅನ್ನುತ್ತಾರೆ. ದಯವಿಟ್ಟು ಬೇಡ. ಈ ಯೋಜನೆಗಳ ನಿಯಮ ನೋಡಿ: ಕಟ್ಟುವ ಖರ್ಚು ಪೂರ್ತಿ ಕೇಂದ್ರದ್ದು, ಕಟ್ಟಿದ ಮೇಲೆ ನಡೆಸುವ ಹೊಣೆ ರಾಜ್ಯದ್ದು. ಹಾಗಾಗಿ ಸಿಮೆಂಟಿಗೆ ಹಣ ಇದೆ, ಪೊರಕೆಗೆ ಇಲ್ಲ. ಮಾಹಿತಿ ಕೇಂದ್ರ ಅಂತ ಒಂದು ಕಟ್ಟಡ ಏಳುತ್ತದೆ, ರಿಬ್ಬನ್ ಕತ್ತರಿಸುತ್ತಾರೆ, ಎರಡು ಮಳೆಗಾಲದಲ್ಲಿ ಚಾವಣಿ ಸೋರುತ್ತದೆ, ಕರೆಂಟ್ ಬಿಲ್ ಯಾರು ಕಟ್ಟಬೇಕು ಅಂತ ಪತ್ರ ಓಡಾಡುತ್ತದೆ, ಕೊನೆಗೆ ಬೀಗ. ಆಳು ಮಾಡಿದ್ದು ಹಾಳು ಅಂತ ಗಾದೆ ಇದೆ. ನಮ್ಮ ಸ್ಮಾರಕಗಳ ಪಾಡು ನೋಡಿದರೆ ಆಳಿಲ್ಲದ್ದೇ ಹಾಳು.

ಈಗ ಕುರ್ಡಿಯ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಾಂಗೇ ತಾಲೂಕಿನಲ್ಲಿ ಕುರ್ಡಿ ಅಂತ ಒಂದು ಊರಿತ್ತು. ಗದ್ದೆ, ತೆಂಗು, ಗೋಡಂಬಿ, ಹಲಸು. ದೇವಸ್ಥಾನ, ಚರ್ಚ್, ಮಸೀದಿಯವರು ಒಟ್ಟಿಗೆ ಬಾಳಿದ ಊರು. ಸುಮಾರು 3,000 ಜನ. ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರರೇ ಊರಿಗೆ ಬಂದು, ಅಣೆಕಟ್ಟು ಕಟ್ಟಬೇಕು, ಊರು ಮುಳುಗುತ್ತದೆ, ದಕ್ಷಿಣ ಗೋವಾಕ್ಕೆಲ್ಲ ಒಳಿತಾಗುತ್ತದೆ ಎಂದು ತಿಳಿಹೇಳಿದರು. ಜನ ಒಪ್ಪಿದರು. ವಾಡೆಂ, ವಾಲ್ಕಿಣಿ ಎಂಬಲ್ಲಿ ಜಾಗ ಕೊಟ್ಟರು, ಅಲ್ಲಿಗೆ ಹೋದರು. 1986ರ ಹೊತ್ತಿಗೆ ಊರು ನೀರಿನಡಿ.

ಊರಿನ ಮಹಾದೇವ ಗುಡಿ ಸುಮಾರು ಸಾವಿರ ವರ್ಷ ಹಳೆಯದು. ಅದನ್ನು ಮುಳುಗಲು ಬಿಡಲಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅದನ್ನು ಕಳಚಿ, ಸುಮಾರು 17 ಕಿಲೋಮೀಟರ್ ಸಾಗಿಸಿ, ಅಣೆಕಟ್ಟೆಯ ಬಳಿ ಮತ್ತೆ ನಿಲ್ಲಿಸಿತು. ಇಂಥ ಕೆಲಸ ಹೇಗೆ ಮಾಡುತ್ತಾರೆ ಗೊತ್ತೇ? ಪ್ರತಿ ವರಸೆಯ ನಕ್ಷೆ ಬರೆದು, ಕಲ್ಲಿಗೊಂದು ಸಂಖ್ಯೆ ಹಾಕಿ, ಶಿಖರದಿಂದ ಕೆಳಕ್ಕೆ ಬಿಚ್ಚುತ್ತ ಬರಬೇಕು. ಕಟ್ಟುವಾಗ ಪಾಯದಿಂದ ಮೇಲಕ್ಕೆ ಅದೇ ಸಂಖ್ಯೆಯಲ್ಲಿ ಜೋಡಿಸಬೇಕು. ಒಂದು ಕಲ್ಲಿನ ಗುರುತು ಅಳಿಸಿ ಅದು ಬೇರೆ ಕಡೆ ಕೂತರೆ ಮೇಲಿನ ವರಸೆಯೆಲ್ಲ ಓರೆಯಾಗುತ್ತದೆ, ಮತ್ತೆ ಇಳಿಸಬೇಕು. ವರ್ಷಗಟ್ಟಲೆ ಹಿಡಿಯುವ ಕೆಲಸ. ಅದೇ ಊರಿನಲ್ಲಿ ಸುಮಾರು ಎರಡೂವರೆ ಮೀಟರ್ ಉದ್ದದ ಮಾತೃದೇವತೆಯ ಮೂರ್ತಿಯಿತ್ತು, ಜಂಬಿಟ್ಟಿಗೆಯಲ್ಲಿ ಕಡೆದದ್ದು. ಅದು ವೆರ್ಣಾ ಸೇರಿತು.

ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ ಜಲಾಶಯ ಇಳಿದಾಗ ಕುರ್ಡಿ ಹೊರಗೆ ಬರುತ್ತದೆ. ಮನೆಗಳ ತಳಪಾಯ, ಬಾವಿಯ ಕಟ್ಟೆ, ಬೊಡ್ಡೆ ಮಾತ್ರ ಉಳಿದ ತೆಂಗಿನ ಸಾಲು. ಊರು ಬಿಟ್ಟವರು ಮಕ್ಕಳು ಮೊಮ್ಮಕ್ಕಳೊಂದಿಗೆ ಬಂದು ಸೋಮೇಶ್ವರನ ಜಾತ್ರೆ ಮಾಡುತ್ತಾರೆ. ಕ್ರೈಸ್ತರು ತಮ್ಮ ಪ್ರಾರ್ಥನೆಗೆ ಸೇರುತ್ತಾರೆ. ಅಲ್ಲೇ ಒಂದು ಮನೆಯ ಅವಶೇಷ ಇದೆ, ಗಾನತಪಸ್ವಿನಿ ಮೋಗುಬಾಯಿ ಕುರ್ಡಿಕರರದು. 1904ರಲ್ಲಿ ಹುಟ್ಟಿದವರು, ಕಿಶೋರಿ ಅಮೋಣಕರರ ತಾಯಿ. ಧಾರವಾಡದ ಕಡೆಯವರು ಇಲ್ಲಿ ಕಿವಿ ನಿಮಿರಿಸಬೇಕು. ಮೋಗುಬಾಯಿ ಕಲಿತದ್ದು ಉಸ್ತಾದ್ ಅಲ್ಲಾದಿಯಾ ಖಾನರ ಬಳಿ. ನಮ್ಮ ಮಲ್ಲಿಕಾರ್ಜುನ ಮನಸೂರರು ಕಲಿತದ್ದು ಅದೇ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಬಳಿ. ಒಂದೇ ಘರಾಣೆ, ಜೈಪುರ-ಅತ್ರೌಲಿ.

ಇಷ್ಟು ಐಶ್ವರ್ಯ ಇರುವ ಜಾಗದಲ್ಲಿ ಪ್ರವಾಸಿ ಏನು ಮಾಡುತ್ತಾನೆ? ಮಳೆಗಾಲದಲ್ಲಿ ಬಂದು, ಬಾತುಕೋಳಿಯ ಕೊಕ್ಕಿನಂಥ ಕೋಡಿಯಲ್ಲಿ ನೀರು ಸುತ್ತಿ ಧುಮುಕುವುದರ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾನೆ. ಸಾವಿರ ವರ್ಷದ ಗುಡಿ ಅಲ್ಲೇ ಹತ್ತಿರದಲ್ಲಿದೆ ಅಂತ ಅವನಿಗೆ ಹೇಳುವವರಿಲ್ಲ. ಮೇ ತಿಂಗಳಲ್ಲಿ ಬಂದವನು ಕಾರನ್ನೇ ಕೆರೆಯಂಗಳಕ್ಕೆ ಇಳಿಸುತ್ತಾನೆ. ಮೇಲೆ ಬಿರುಕು ಬಿಟ್ಟ ಒಣ ಮಣ್ಣು, ಅರ್ಧ ಅಡಿ ಕೆಳಗೆ ಕೆಸರು. ಚಕ್ರ ಹೂತುಹೋಗುತ್ತದೆ, ಟ್ರ್ಯಾಕ್ಟರ್ ತರಬೇಕು, ಆ ಟ್ರ್ಯಾಕ್ಟರ್ ಯಾರದೋ ಅಜ್ಜನ ಮನೆಯ ತಳಪಾಯದ ಮೇಲೆ ಹಾದುಹೋಗುತ್ತದೆ. ಬಿಯರ್ ಬಾಟಲಿ ಒಡೆದು ಬಿದ್ದಿರುತ್ತದೆ. ಜೂನಿನಲ್ಲಿ ನೀರು ಏರಿದಾಗ ಅದು ನಿಮ್ಮ ಕುಡಿಯುವ ನೀರಿನ ತಳ ಸೇರುತ್ತದೆ.

ಇದಕ್ಕೆ ಯಾವ ಕಟ್ಟಡ ಉತ್ತರ? ಯಾವುದೂ ಅಲ್ಲ. ದಂಡೆಯ ಮೇಲೆ ವಾಹನ ತಡೆಯುವ ಒಂದು ಗೇಟು, ಮೇ ತಿಂಗಳಿಗೆ ನಾಲ್ಕು ಜನ, ಅವರೂ ವಾಡೆಂ, ವಾಲ್ಕಿಣಿಯ ಮನೆಗಳವರೇ. ತಮ್ಮ ಅಜ್ಜಿಯ ಬಾವಿ ತೋರಿಸಿ ಮಾತಾಡಲು ಅವರಿಗಿಂತ ಯಾರು ಬೇಕು? ಕೂಲಿ ಕೊಡಿ, ಸಾಕು.

ಗಡಿಯಾರ ನೋಡಿದರೆ ಕುರ್ಡಿಗೇ ಅರ್ಧ ಸಮಯ ಹೋಯಿತು. ಇರಲಿ, ಉಳಿದದ್ದನ್ನು ಚುರುಕಾಗಿ ಹೇಳುತ್ತೇನೆ.

ರಿವಣದ ಹತ್ತಿರ ಕುಶಾವತಿ ನದಿಯ ದಂಡೆಯಲ್ಲಿ ಉಸಗಳಿಮಳ ಇದೆ. 1993ರಲ್ಲಿ ಊರವರು ತೋರಿಸಿಕೊಟ್ಟ ಜಾಗ. ಜಂಬಿಟ್ಟಿಗೆ ಬಂಡೆಯ ಹಾಸಿನ ಮೇಲೆ ಇತಿಹಾಸಪೂರ್ವ ಕಾಲದ ನೂರಕ್ಕೂ ಹೆಚ್ಚು ಕೆತ್ತನೆಗಳು: ಗೂಳಿ, ಜಿಂಕೆ, ಕುಣಿಯುವ ಹೆಂಗಸು, ಸುತ್ತು ಸುತ್ತಾದ ಚಕ್ರವ್ಯೂಹ. ಮಳೆಗಾಲದಲ್ಲಿ ನದಿ ಮೇಲೇರಿ ಹೂಳು ಬಿಟ್ಟುಹೋಗುತ್ತದೆ. ಜಂಬಿಟ್ಟಿಗೆ ತೂತು ತೂತಾದ ಕಲ್ಲು, ಉಜ್ಜಿದರೆ ಪುಡಿ ಉದುರುತ್ತದೆ. ಫೋಟೋ ಚೆನ್ನಾಗಿ ಬರಲಿ ಅಂತ ಸೀಮೆಸುಣ್ಣದಲ್ಲಿ ಗೆರೆ ತಿದ್ದುವವರು, ಬ್ರಷ್ ಹಾಕಿ ತಿಕ್ಕುವವರು, ಚಪ್ಪಲಿಯಲ್ಲೇ ಗೂಳಿಯ ಬೆನ್ನ ಮೇಲೆ ನಿಲ್ಲುವವರು ಅಲ್ಲಿನ ಶತ್ರುಗಳು. ಅಲ್ಲಿ ಬೇಕಾದದ್ದು ಬಂಡೆಗೆ ಮೊಳೆ ಹೊಡೆಯದೆ, ಸ್ವಂತ ತೂಕದ ಮೇಲೆ ನಿಲ್ಲುವ, ಜೂನಿಗೆ ಮುಂಚೆ ಬಿಚ್ಚಿ ಒಳಗಿಡಬಹುದಾದ ಕಾಲುಹಾದಿ. ಮತ್ತೆ, ಹೌದು, ಆಳು. ವಾರಕ್ಕೆ 7 ದಿನ, ದಿನಕ್ಕೆ 10 ಗಂಟೆ ತೆರೆದಿಟ್ಟರೆ 70 ಗಂಟೆ. ಒಬ್ಬರಿಗೆ ವಾರಕ್ಕೆ 48 ಗಂಟೆ ಎಂದರೆ ಇಬ್ಬರು ಬೇಕು, ರಜೆ, ಜ್ವರ, ಮದುವೆಗೆ ಮೂರನೆಯವರು. "ಒಬ್ಬ ವಾಚ್‌ಮನ್ ಇದ್ದಾನಲ್ಲ" ಎಂಬ ಉತ್ತರ ಒಪ್ಪಬೇಡಿ. ಒಬ್ಬ ಎಂದರೆ ವಾರದಲ್ಲಿ ಎರಡು ದಿನಕ್ಕೂ ಹೆಚ್ಚು ಹೊತ್ತು ಯಾರೂ ಇಲ್ಲ ಎಂದೇ ಲೆಕ್ಕ.

ತಾಂಬ್ಡಿ ಸುರ್ಲಾ ನಿಮಗೆ ಗೊತ್ತು. ಗೋವಾ ಕದಂಬರ ಕಾಲದ ಮಹಾದೇವ ಗುಡಿ, ಕಾಡಿನ ನಡುವೆ ಕಪ್ಪು ಕಲ್ಲಿನದು, ಮಂಟಪದಲ್ಲಿ ತಲೆಯಿಲ್ಲದ ನಂದಿ. ಹುಬ್ಬಳ್ಳಿ, ಬೆಳಗಾವಿಯಿಂದ ಅನಮೋಡ್ ಘಾಟ್ ಇಳಿದು ಮೊಲೆಂ ದಾಟುವ ಕಾರಿಗೆ ಅದು ಹತ್ತು ಹದಿನೈದು ಕಿಲೋಮೀಟರ್ ಅಡ್ಡದಾರಿ. ಆದರೂ ಕಾರು ನೇರ ಕಲಂಗುಟ್‌ಗೆ. ನವೆಂಬರ್ ಬಂದರೆ ನಮ್ಮ ಸಂಘಗಳಲ್ಲಿ ಕದಂಬರ ಹೆಸರಿಗೆ ಚಪ್ಪಾಳೆಯೋ ಚಪ್ಪಾಳೆ. ಗುಡಿಗೆ ಒಂದು ಬಸ್ಸು ಮಾಡಿಕೊಂಡು ಹೋಗಿ ಅಂದರೆ ದೂರ ಅನ್ನುತ್ತಾರೆ. ದಾರಿಯಲ್ಲೇ ಕಿತ್ತೂರು ತಾಲೂಕಿನ ದೇಗಾಂವ್, ಅಲ್ಲಿ ಕದಂಬ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿ. ಖಾನಾಪುರ ತಾಲೂಕಿನ ಹಲಸಿ, ಅಲ್ಲಿ ಭೂವರಾಹ ನರಸಿಂಹ. ಎರಡು ರಾಜ್ಯದ ಇಲಾಖೆಗಳು ಕೂತು ಮಾತಾಡಿದರೆ ಎರಡು ದಿನದ ಸುತ್ತು ಸಿದ್ಧ. ಒಂದು ಎಚ್ಚರ ಮಾತ್ರ: ನಮ್ಮದು ಎಂದು ಹಕ್ಕು ಸಾಧಿಸಲು ಹೋಗಬೇಡಿ. ಗುಡಿ ಅಲ್ಲಿನ ಊರವರದು, ನಾವು ಅವರ ಜೊತೆ ನಿಲ್ಲುವವರು.

ತಾಂಬ್ಡಿ ಸುರ್ಲಾದ ಶೌಚಾಲಯದ ವಿಷಯ ಸದಾ ಬರುತ್ತದೆ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ, ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು, ಇದು ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ. ಸಾರ್ವಜನಿಕ ಶೌಚಾಲಯವನ್ನು ಆ ಕಾಯ್ದೆ ಈ ತಡೆಯಿಂದ ಹೊರಗಿಟ್ಟಿದೆ, ಆದರೆ ಅಲ್ಲಿ ಅಭಯಾರಣ್ಯವೂ ಇದೆ. ಹಾಗಾಗಿ ಮೊದಲು ಜಾಗ ಅಳೆದು ಕೇಳಿ, ಆಮೇಲೆ ನೀರಿನ ಲೆಕ್ಕ ಕೇಳಿ. ಭಾನುವಾರ 200 ಜನ ಬಳಸಿದರೆ, ತಲೆಗೆ 8 ಲೀಟರ್‌ನಂತೆ 1,600 ಲೀಟರ್. 500 ಲೀಟರ್ ಟ್ಯಾಂಕ್ ಇಟ್ಟರೆ ಊಟದ ಹೊತ್ತಿಗೆ ಖಾಲಿ, ಸಂಜೆಗೆ ಬಾಗಿಲು ತೆರೆಯಲಾಗದ ಸ್ಥಿತಿ.

ಇನ್ನು ಕೇಳುವುದು ಹೇಗೆ? ಗೋವಾದಲ್ಲಿ ಸಾಮಾನ್ಯ ಗ್ರಾಮಸಭೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಭಾನುವಾರಗಳಲ್ಲಿ ನಡೆಯುತ್ತದೆ. ಸಾವರ್ಡೆ, ಧಾರಬಾಂದೋಡಾ, ಸಾಂಗೇ ಕಡೆ ಮತದಾರರಾಗಿರುವ ಕನ್ನಡಿಗರು ಅಲ್ಲಿ ಕೂರಬಹುದು, ಮಾತಾಡಬಹುದು. ಕೂಗಾಡಬೇಡಿ, ಬರೆದು ಕೊಡಿ. ಠರಾವಿನಲ್ಲಿ ಸರ್ವೇ ನಂಬರ್ ಇರಲಿ, ಜಮೀನಿನ ದಾಖಲೆಯಾದ ಫಾರ್ಮ್ 1 ಮತ್ತು 14ರ ಉತಾರ ಲಗತ್ತಿಸಿ, ಜಮೀನು ಅರಣ್ಯದ್ದೋ ಖಾಸಗಿಯದೋ ಸ್ಪಷ್ಟ ಬರೆಯಿರಿ. ಬೀಗದ ಕೈ ಯಾರ ಬಳಿ, ಕರೆಂಟ್ ಬಿಲ್ ಯಾರ ಹೆಸರಿಗೆ, ಎಷ್ಟು ಜನಕ್ಕೆ ಎಷ್ಟು ವರ್ಷ ಸಂಬಳ, ಈ ಮೂರು ಸಾಲು ಇಲ್ಲದ ಠರಾವು ಕಟ್ಟಡವಾಗಿ ಹಿಂದಿರುಗಿ ಬರುತ್ತದೆ. "ಅಭಿವೃದ್ಧಿ ಮಾಡಬೇಕು" ಎಂಬ ಬರೀ ಮಾತು ಬರೆದರೆ ಗುತ್ತಿಗೆದಾರನಿಗೆ ಹಬ್ಬ. ಹಿಂದೆ ಮಂಜೂರಾದ ಹಣ ಏನಾಯಿತು ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಮಂಜೂರು, ಬಿಡುಗಡೆ, ಖರ್ಚು ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಿ, ಜೊತೆಗೆ ನಿರ್ವಹಣಾ ಒಪ್ಪಂದದ ಪ್ರತಿ.

ಮನೆಯಲ್ಲಿ ಎರಡು ಕೋಣೆ ಪ್ರವಾಸಿಗಳಿಗೆ ಕೊಡುವವರು 1982ರ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆಯಡಿ ಹೆಸರು ಬರೆಸಿಕೊಳ್ಳಲೇಬೇಕು. ಅದಕ್ಕೆ ಸಮಯ ಇಲ್ಲ, ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಟ್ಯಾಕ್ಸಿ ಓಡಿಸುವ ನಮ್ಮ ಅಣ್ಣತಮ್ಮಂದಿರಿಗೆ ಒಂದು ಮಾತು. ಗಿರಾಕಿಯನ್ನು ಉಸಗಳಿಮಳಕ್ಕೆ ಮಧ್ಯಾಹ್ನ 12ಕ್ಕೆ ಕರೆದೊಯ್ಯಬೇಡಿ, ನೆತ್ತಿಯ ಬಿಸಿಲಿಗೆ ಗೆರೆಗಳೇ ಕಾಣುವುದಿಲ್ಲ, "ಇಷ್ಟೇನಾ" ಅಂತ ನಿಮ್ಮ ಮುಖ ನೋಡುತ್ತಾರೆ. ಬೆಳಿಗ್ಗೆ 8ರೊಳಗೆ ಅಥವಾ ಸಂಜೆ 5ರ ಮೇಲೆ, ಓರೆ ಬಿಸಿಲಿನಲ್ಲಿ, ಚಪ್ಪಲಿ ಬಿಚ್ಚಿಸಿ. ಮಡಗಾಂವಿನಿಂದ ಬೆಳಿಗ್ಗೆ 6ಕ್ಕೆ ಹೊರಟರೆ ಆರಾಮಾಗಿ ತಲುಪುತ್ತೀರಿ. ಊರವರು ಯಾರಾದರೂ ತೋರಿಸಿದರೆ ಅವರ ಕೈಗೆ ಹಣ ಕೊಡಿಸಿ, ಬರೀ ಚಹಾ ಕುಡಿಸಿ ಕಳಿಸಬೇಡಿ.

ನಮಸ್ಕಾರ.