ಹೊಳೆ ಹಿಡಿದು ಘಟ್ಟ ಇಳಿಯೋಣ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರೆಗೂ ಕೇಳಿಸುತ್ತಿದೆ ತಾನೆ? ಸರಿ.

ಇಲ್ಲಿ ಕೂತಿರುವ ಸಾಗರದವರಲ್ಲಿ ಘಟ್ಟದ ಕೆಳಗೆ ಹೋಗದವರು ಯಾರಾದರೂ ಇದ್ದೀರಾ? ಇರಲಿಕ್ಕಿಲ್ಲ. ಮದುವೆಗೆ ಹೋಗಿರುತ್ತೀರಿ, ಹರಕೆ ತೀರಿಸಲು ಹೋಗಿರುತ್ತೀರಿ, ಮಕ್ಕಳಿಗೆ ಸಮುದ್ರ ತೋರಿಸಲು ಹೋಗಿರುತ್ತೀರಿ. ನಾವೂ ಹಾಗೇ ಹೋಗಿದ್ದೆವು. ಮೂರು ವರ್ಷದ ಹಿಂದೆ ಮನೆಯವರು ಹನ್ನೆರಡು ಜನ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು, ಡಬ್ಬಿ ತುಂಬಾ ಅವಲಕ್ಕಿ ಕಟ್ಟಿಕೊಂಡು, ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಊರಿನ ಪಟ್ಟಿ ಬರೆದವನು ನಾನೇ. ಕೊಲ್ಲೂರು, ಮರವಂತೆ, ಮುರ್ಡೇಶ್ವರ, ಇಡಗುಂಜಿ, ಗೋಕರ್ಣ, ರಾತ್ರಿ ವಾಪಸ್. ಕೊಲ್ಲೂರಿನಲ್ಲಿ ಸಾಲು ಉದ್ದ. ಮುರ್ಡೇಶ್ವರದಲ್ಲಿ ನೆತ್ತಿ ಸುಡುವ ಬಿಸಿಲು. ಇಡಗುಂಜಿಯಲ್ಲಿ ಬಾಗಿಲು ಹಾಕಿತ್ತು. ಗೋಕರ್ಣ ಮುಟ್ಟುವಷ್ಟರಲ್ಲಿ ಕತ್ತಲೆ, ಸಮುದ್ರದ ಸದ್ದು ಕೇಳಿಸಿತು ಅಷ್ಟೇ. ಬರುವಾಗ ನಮ್ಮ ಅತ್ತೆ, "ಮಾರಾಯ, ನಾನು ಇವತ್ತು ಸರಿಯಾಗಿ ನೋಡಿದ್ದು ಅಂದ್ರೆ ಡ್ರೈವರ್ ತಲೆಯ ಹಿಂಭಾಗ" ಅಂದರು.

ಅವತ್ತಿಂದ ಪಟ್ಟಿ ಬರೆಯುವುದು ಬಿಟ್ಟಿದ್ದೇನೆ. ಮರುವರ್ಷ ಅತ್ತೆಯನ್ನೇ ಕರೆದುಕೊಂಡು ಒಂದೇ ಒಂದು ಹೊಳೆ ಹಿಡಿದು ಇಳಿದೆ. ಬೇರೆ ಯಾವುದೂ ಅಲ್ಲ, ನಮ್ಮ ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ 830 ಅಡಿ ಬಿದ್ದು, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಜೋಗದ ಆಚೆ ಅದು ಏನಾಗುತ್ತದೆ ಅಂತ ನಮ್ಮಲ್ಲಿ ಜಾಸ್ತಿ ಜನ ಯೋಚನೆ ಮಾಡುವುದಿಲ್ಲ. ಸಾಗರದಿಂದ ಹೊನ್ನಾವರಕ್ಕೆ ಸುಮಾರು 90 ಕಿಲೋಮೀಟರ್. ಎರಡು ದಿನ ಇಟ್ಟುಕೊಳ್ಳಿ. ಅದಕ್ಕಿಂತ ಕಡಿಮೆ ಬೇಡ.

ಜೋಗ ದಾಟಿ ಮಾವಿನಗುಂಡಿ, ಮಾಲೆಮನೆ ಬರುತ್ತದೆ. ಅಲ್ಲಿಂದ ಘಟ್ಟ. ಆ ಭಾಗದಲ್ಲೇ ಕತ್ತಲೆಕಾನು ಇದೆ. ಹೆಸರೇ ಹೇಳುತ್ತದೆ, ಹಾಡುಹಗಲೂ ಬಿಸಿಲು ನೆಲಕ್ಕೆ ಬೀಳದ ಕಾಡು. ಅದರೊಳಗೆ ರಾಂಪತ್ರೆ, ಅಂದರೆ ಕಾಡು ಜಾಯಿಕಾಯಿ ಮರಗಳ ಜಡ್ಡಿಗಳಿವೆ. ಜಡ್ಡಿ ಅಂದರೆ ವರ್ಷವಿಡೀ ನೀರು ಒಸರುವ ಕೆಸರು ಜಾಗ, ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕೆಸರಿನಲ್ಲಿ ಬೇರಿಗೆ ಉಸಿರು ಸಿಗುವುದಿಲ್ಲ ಅಂತ ಈ ಮರಗಳು ಬೇರನ್ನು ಮೊಣಕಾಲು ಮಡಚಿದ ಹಾಗೆ ನೆಲದಿಂದ ಮೇಲಕ್ಕೆ ಎತ್ತಿ ಮತ್ತೆ ಕೆಳಗೆ ಇಳಿಸುತ್ತವೆ. ಸಿಂಗಳೀಕ ಅನ್ನುವ ಮಂಗ ಇರುವುದೂ ಈ ಕಾಡಿನಲ್ಲೇ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಂಗಳೀಕ ಇಲ್ಲ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಗೆ ಕುಚ್ಚು. ಅದು ಮರದಿಂದ ಮರಕ್ಕೇ ಓಡಾಡುವ ಪ್ರಾಣಿ, ನೆಲಕ್ಕೆ ಇಳಿಯುವುದು ಅಪರೂಪ. ಘಟ್ಟದ ತಿರುವಿನಲ್ಲಿ ಗಾಡಿ ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪುಣ್ಯ ಅಂದುಕೊಂಡು ಎಸೆಯುತ್ತಾರೆ. ಮಂಗ ರಸ್ತೆಗೆ ಬರುತ್ತದೆ, ಹಿಂದಿನಿಂದ ಲಾರಿ ಬರುತ್ತದೆ.

ಘಟ್ಟ ಇಳಿದರೆ ಗೇರುಸೊಪ್ಪೆ. ನಮ್ಮವರು ಅಲ್ಲಿ ಚಹಾ ಕುಡಿದು ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಳೆ ದಾಟಿ ಆಚೆ ದಡದ ನಗರಬಸ್ತಿಕೇರಿಗೆ ಹೋಗಿ. ಕಾಡಿನ ನಡುವೆ ಒಂದು ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತ ತೀರ್ಥಂಕರರು. 1586ರಲ್ಲಿ ಕಟ್ಟಿದ ಕಾರ್ಕಳದ ಚತುರ್ಮುಖ ಬಸದಿ ನೋಡಿದವರಿಗೆ ಈ ನಕ್ಷೆ ತಕ್ಷಣ ಗುರುತು ಸಿಗುತ್ತದೆ. ನಾವು ಹೋದಾಗ ಅಲ್ಲಿ ನರಪಿಳ್ಳೆ ಇರಲಿಲ್ಲ. ಅತ್ತೆ ಜಗಲಿಯ ಮೇಲೆ ಕೂತು, "ಇಷ್ಟು ದೊಡ್ಡ ದೇವಸ್ಥಾನ ಈ ಕಾಡಲ್ಲಿ ಯಾರಿಗೋಸ್ಕರ ಕಟ್ಟಿದ್ರೋ?" ಅಂತ ಕೇಳಿದರು.

ಒಳ್ಳೆಯ ಪ್ರಶ್ನೆ. ಆಗ ಅಲ್ಲಿ ಕಾಡು ಇರಲಿಲ್ಲ, ಪಟ್ಟಣ ಇತ್ತು. ಸಾಳುವ ಮನೆತನದ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಅಂದರೆ 54 ವರ್ಷ, ಅಲ್ಲಿಂದ ಆಳಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಮೆಣಸು ಬೆಳೆಯುತ್ತಿದ್ದುದು ಘಟ್ಟದಲ್ಲಿ. ಎತ್ತಿನ ಬೆನ್ನ ಮೇಲೆ ಇಳಿದು ಬಂದ ಮೂಟೆ ಗೇರುಸೊಪ್ಪೆಯಲ್ಲಿ ದೋಣಿ ಹತ್ತುತ್ತಿತ್ತು, ಯಾಕೆಂದರೆ ಹೊಳೆಯಲ್ಲಿ ದೋಣಿ ಬರುವುದು ಅಲ್ಲಿಯವರೆಗೆ ಮಾತ್ರ. ಅಲ್ಲಿಂದ ಹೊನ್ನಾವರ, ಅಲ್ಲಿಂದ ಹಡಗು. ಈ ದಾರಿ ಯಾರ ಕೈಯಲ್ಲಿ ಇರುತ್ತದೋ ದುಡ್ಡು ಅವರ ಕೈಯಲ್ಲಿ. ಅದಕ್ಕೇ ಪೋರ್ಚುಗೀಸರಿಗೂ ಅವಳ ಮೇಲೆ ಕಣ್ಣು, ಘಟ್ಟದ ಮೇಲೆ ಆಳುತ್ತಿದ್ದ ಕೆಳದಿಯ ನಾಯಕರಿಗೂ ಕಣ್ಣು. ಕೊನೆಗೆ ಗೆದ್ದವರು ಕೆಳದಿಯವರು, ವೆಂಕಟಪ್ಪ ನಾಯಕನ ಕಾಲದಲ್ಲಿ. ರಾಣಿಯನ್ನು ಸೆರೆಹಿಡಿದು ಎಲ್ಲಿಗೆ ತಂದರು ಅಂತೀರಿ? ನಮ್ಮ ಸಾಗರದ ಪಕ್ಕದ ಇಕ್ಕೇರಿಗೆ. ಅವಳು ತೀರಿಕೊಂಡದ್ದೂ ಆ ಸೆರೆಯಲ್ಲೇ ಅನ್ನುತ್ತಾರೆ.

ನಾವು ಎಷ್ಟೋ ಸಲ ಇಕ್ಕೇರಿಯ ಅಘೋರೇಶ್ವರನಿಗೆ ಕೈ ಮುಗಿದು, ಹುಲ್ಲಿನ ಮೇಲೆ ಕೂತು ಮಂಡಕ್ಕಿ ತಿಂದು ಬಂದಿದ್ದೇವೆ. ನನಗಂತೂ ಗೇರುಸೊಪ್ಪೆ ನೋಡುವವರೆಗೆ ಆ ಹೆಂಗಸಿನ ನೆನಪು ಒಂದು ಸಲವೂ ಬಂದಿರಲಿಲ್ಲ. ಶಾಲೆಯಲ್ಲಿ ನಮಗೆ ಕೆಳದಿಯ ಶೌರ್ಯ ಹೇಳಿಕೊಟ್ಟರು, ಅದು ಸರಿಯೇ. ಶಿವಪ್ಪನಾಯಕ ಮುಂದೆ ಹೊನ್ನಾವರ, ಗಂಗೊಳ್ಳಿಗಳಿಂದ ಪೋರ್ಚುಗೀಸರನ್ನು ಓಡಿಸಿದ. ಆದರೆ ಅದಕ್ಕೂ ಮೊದಲು ಅದೇ ಪೋರ್ಚುಗೀಸರ ಎದುರು ನಿಂತವಳನ್ನು ಸೋಲಿಸಿದ್ದು ನಮ್ಮವರೇ, ಅದನ್ನೂ ಹೇಳಬಹುದಿತ್ತು ಅಲ್ವಾ?

ಇನ್ನು ಹೊನ್ನಾವರ. ಇಲ್ಲಿ ಶರಾವತಿ ಎಷ್ಟು ಅಗಲ ಅಂದರೆ ಕೊಂಕಣ ರೈಲಿನ ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದ ಇದೆ. ಅಳಿವೆಯ ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಹಲಗೆ ಹಾಸಿದ ದಾರಿ ಮಾಡಿದ್ದಾರೆ. ಅತ್ತೆ ಅಲ್ಲಿ ಬಗ್ಗಿ ನೋಡಿ, "ಇವೂ ರಾಂಪತ್ರೆ ಹಾಗೇ ಬೇರು ಎತ್ತಿವೆಯಲ್ಲೋ" ಅಂದರು. ಹೌದು, ಮೇಲಿನ ಜಡ್ಡಿಯಲ್ಲೂ ಕೆಳಗಿನ ಅಳಿವೆಯಲ್ಲೂ ಕೆಸರಿನ ಕಷ್ಟ ಒಂದೇ.

ಹೊನ್ನಾವರದ ಹತ್ತಿರದ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಸ್ವಚ್ಛವಾಗಿದೆ, ಮಕ್ಕಳನ್ನು ಬಿಡಬಹುದು. ಅದೇ ಕರಾವಳಿಯ ಮರಳಿನಲ್ಲಿ ಚಳಿಗಾಲದ ರಾತ್ರಿ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಒಂದು ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆ. ಮರಳು ಜಾಸ್ತಿ ಬಿಸಿಯಾದರೆ ಹೆಣ್ಣು ಮರಿ, ತಂಪಾಗಿದ್ದರೆ ಗಂಡು. ಒಂದೂವರೆ ಎರಡು ತಿಂಗಳಿಗೆ ಮರಿ ಹೊರಬಂದು, ಎಲ್ಲಿ ಬೆಳಕು ಜಾಸ್ತಿಯೋ ಆ ಕಡೆ ಓಡುತ್ತದೆ, ಕತ್ತಲೆಯ ದಡದಲ್ಲಿ ಬೆಳಕು ಕಾಣುವುದು ಸಮುದ್ರದ ಕಡೆಯೇ ಆದ್ದರಿಂದ. ನೀವು ಟಾರ್ಚ್ ಹಾಕಿದರೆ ಅದು ನಿಮ್ಮ ಕಡೆ ಬರುತ್ತದೆ. ಮೊಬೈಲ್ ಜೇಬಿನಲ್ಲೇ ಇರಲಿ. ಬಲೆ ಕಟ್ಟಿ ಕಾವಲಿಟ್ಟ ಗೂಡು ಕಂಡರೆ ದೂರದಿಂದಲೇ ನೋಡಿ.

ಮುರ್ಡೇಶ್ವರ ಬಿಡಬೇಕಾ ಅಂತ ಕೇಳುತ್ತೀರಿ, ಗೊತ್ತು. ಬಿಡಬೇಡಿ. ಆ 123 ಅಡಿಯ ಶಿವನನ್ನು ಕಟ್ಟಿದವರಲ್ಲಿ ಮುಖ್ಯ ಶಿಲ್ಪಿ ನಮ್ಮ ಶಿವಮೊಗ್ಗದ ಕಾಶಿನಾಥ್. ಆದರೆ ಬೆಳಗ್ಗೆ ಬೇಗ ಹೋಗಿ. ಮಧ್ಯಾಹ್ನ ಹೋದರೆ ಬರಿಗಾಲಲ್ಲಿ ಕುಣಿಯಬೇಕಾಗುತ್ತದೆ, ನಾವು ಕುಣಿದಿದ್ದೇವೆ. ಇಡಗುಂಜಿಗೆ ಮಧ್ಯಾಹ್ನ ಬಾಗಿಲು ಹಾಕುವ ಹೊತ್ತು ಕೇಳಿಕೊಂಡು ಹೋಗಿ. ಅಲ್ಲಿನ ಗಣಪತಿಗೆ ಎರಡೇ ಕೈ, ನಿಂತ ಮೂರ್ತಿ. ಎರಡನೇ ಸಲ ಅತ್ತೆಗೆ ದರ್ಶನ ಆಯಿತು.

ಮಳೆಗಾಲದಲ್ಲಿ ಮಾತ್ರ ಈ ದಾರಿ ಬೇಡ, ಘಟ್ಟದಲ್ಲಿ ಗುಡ್ಡ ಕುಸಿಯುತ್ತದೆ, ಸಮುದ್ರಕ್ಕೂ ಇಳಿಯುವ ಹಾಗಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಹೊರಡುವ ಹಿಂದಿನ ದಿನ ಸಂಜೆ ಸುಮ್ನೆ ಒಂದು ಸಲ ಇಕ್ಕೇರಿಗೆ ಹೋಗಿ ಬನ್ನಿ. ಐದಾರು ಕಿಲೋಮೀಟರ್ ಅಷ್ಟೇ.

ಆಗಲೇ ಯಾರೋ ಕೈ ಎತ್ತಿದ್ದಿರಿ. ಹೇಳಿ ಅಮ್ಮ, ಏನು ಕೇಳಬೇಕಿತ್ತು?