ಮೊದಲು ಕಲ್ಲು ನೋಡಿ, ಆಮೇಲೆ ಕೋಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ರಜೆ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಗೆ ಬರುವವರಲ್ಲಿ ಹೆಚ್ಚಿನವರು ನೇರ ಬೇಕಲ ಕೋಟೆಗೇ ಹೋಗುತ್ತಾರೆ. ಸುಳ್ಯ, ಪುತ್ತೂರು, ಮಡಿಕೇರಿ ಕಡೆಯಿಂದ ಶಾಲೆಯ ಮಕ್ಕಳನ್ನು ತುಂಬಿಕೊಂಡು ಬಸ್ಸುಗಳು ಬರುತ್ತವೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ನಮ್ಮವರಂತೂ ಮನೆಗೆ ನೆಂಟರು ಬಂದಾಗಲೆಲ್ಲ ಅವರನ್ನು ಕರೆದುಕೊಂಡು ಹೊರಡುತ್ತಾರೆ. ಒಳ್ಳೆಯದೇ. ಆದರೆ ಹೋದವರು ಏನು ಮಾಡುತ್ತಾರೆ? ಬಾಗಿಲು ದಾಟುತ್ತಾರೆ, ನಡುವಿನ ಬುರುಜು ಹತ್ತುತ್ತಾರೆ, ಫೋಟೋ ತೆಗೆಯುತ್ತಾರೆ, ಸಿನಿಮಾ ಹಾಡು ತೆಗೆದ ಜಾಗ ಯಾವುದು ಎಂದು ಕೇಳುತ್ತಾರೆ, ಐಸ್‌ಕ್ರೀಮ್ ತಿನ್ನುತ್ತಾರೆ, ಬಸ್ಸು ಹತ್ತುತ್ತಾರೆ. ಈ ಕೋಟೆ ಯಾವುದರ ಮೇಲೆ ನಿಂತಿದೆ, ನೋಡಿದಿರಾ ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಭೂಗೋಳ ಪಾಠ ಮಾಡಿಕೊಂಡು ಬಂದವನು ನಾನು. ಇವತ್ತು ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ ಮಾತು. ಬೇಕಲಕ್ಕೆ ಹೋದರೆ ಮೊದಲು ಕಲ್ಲು ನೋಡಿ, ಆಮೇಲೆ ಕೋಟೆ ನೋಡಿ.

ಬೇಕಲ ಒಂದು ಭೂಶಿರ. ನೆಲ ಕಡಲಿನೊಳಕ್ಕೆ ಚಾಚಿ, ಮೂರು ಕಡೆಯಿಂದ ತೆರೆ ಬಡಿಯುವ ಜಾಗಕ್ಕೆ ಭೂಶಿರ ಎನ್ನುತ್ತೇವೆ. ಕುಂಬಳೆಯಿಂದ ತೆಂಕಕ್ಕೆ ಕಡಲ ಬದಿಯಲ್ಲೇ ಬಂದರೆ ಬಹುಪಾಲು ಮರಳೇ ಸಿಗುತ್ತದೆ. ಮರಳು, ತೆಂಗಿನ ತೋಟ, ಹೊಳೆಬಾಯಿ, ಮತ್ತೆ ಮರಳು. ಬೇಕಲದಂಥ ಕೆಲವೇ ಕಡೆ ನೆಲ ಎದ್ದು ಕಡಲಿಗೆ ಮುಖ ಕೊಟ್ಟು ನಿಂತಿದೆ. ಅಲ್ಲಿ ಯಾಕೆ ಮರಳು ನಿಲ್ಲಲಿಲ್ಲ? ಕಲ್ಲು ಯಾಕೆ ಉಳಿಯಿತು? ಮಕ್ಕಳು ಈ ಪ್ರಶ್ನೆ ಕೇಳಬೇಕು. ಅವರು ಕೇಳದಿದ್ದರೆ ದೊಡ್ಡವರು ಕೇಳಿಸಬೇಕು.

ತೆರೆಗಳು ದಡಕ್ಕೆ ಸಾಲಾಗಿ, ನೇರವಾಗಿ ಬರುತ್ತವೆ ಎಂದು ನಮಗೆ ಅನ್ನಿಸುತ್ತದೆ. ಹಾಗಲ್ಲ. ಭೂಶಿರದ ಎದುರು ಕಡಲ ಆಳ ಬೇಗ ಕಡಿಮೆಯಾಗುತ್ತದೆ. ಆಳ ಕಡಿಮೆಯಾದಲ್ಲಿ ತೆರೆಯ ಓಟ ತಗ್ಗುತ್ತದೆ, ಎರಡೂ ಬದಿಯ ಆಳದ ನೀರಿನಲ್ಲಿ ತೆರೆ ಮುಂದೆ ಓಡುತ್ತದೆ. ಹೀಗೆ ಇಡೀ ತೆರೆ ಬಾಗಿ ಭೂಶಿರವನ್ನು ಸುತ್ತಿಕೊಳ್ಳುತ್ತದೆ. ಕಡಲಿನ ಬಲವೆಲ್ಲ ಮೂಗಿನ ಮೇಲೆ ಬೀಳುತ್ತದೆ, ಪಕ್ಕದ ತಗ್ಗುಗಳಲ್ಲಿ ತೆರೆ ಸಣ್ಣದಾಗಿ ಮರಳನ್ನು ಬಿಟ್ಟು ಹೋಗುತ್ತದೆ. ಕೋಟೆಯ ಪಕ್ಕದಲ್ಲೇ ಪಳ್ಳಿಕೆರೆಯ ಅಷ್ಟು ಚಂದದ ಮರಳು ದಂಡೆ ಇರುವುದಕ್ಕೂ ಕೋಟೆಯ ಕೆಳಗೆ ಕಲ್ಲು ಬೆತ್ತಲೆಯಾಗಿ ನಿಂತಿರುವುದಕ್ಕೂ ಕಾರಣ ಒಂದೇ. ಪಡುವಣ ಬದಿಯ ಸಣ್ಣ ಬಾಗಿಲಿನಿಂದ ಇಳಿದು ಹೊರಚಾಚಿದ ಬುರುಜಿಗೆ ಹೋದರೆ ತೆರೆ ಬಾಗುವುದನ್ನು ಕಣ್ಣಾರೆ ಕಾಣಬಹುದು. ಹತ್ತು ನಿಮಿಷ ಮಾತಾಡದೆ ನಿಂತು ನೋಡಿ. ಫೋನು ಕಿಸೆಯಲ್ಲೇ ಇರಲಿ.

ಇನ್ನು ಕಲ್ಲು. ನಮ್ಮ ಮನೆ ಕಟ್ಟಿದ್ದು, ಬಾವಿಕಟ್ಟೆ ಕಟ್ಟಿದ್ದು, ತೋಟದ ಪಾಗಾರ ಹಾಕಿದ್ದು ಎಲ್ಲ ಇದೇ ಕೆಂಪು ಕಲ್ಲಿನಲ್ಲಿ. ಮುರಕಲ್ಲು. ದಿನಾ ಕಾಣುವುದರಿಂದ ನಮಗೆ ಅದರ ಮೇಲೆ ಗೌರವ ಕಡಿಮೆ. ನಮ್ಮಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರ್ ಹತ್ತಿರ ಮಳೆ ಸುರಿಯುತ್ತದೆ, ಆಮೇಲೆ ತಿಂಗಳುಗಟ್ಟಲೆ ಬಿಸಿಲು. ಹೀಗೆ ಲಕ್ಷಾಂತರ ವರ್ಷ ನೆನೆದು ಒಣಗಿ, ನೆನೆದು ಒಣಗಿ, ಹಳೆಯ ಗಟ್ಟಿ ಬಂಡೆಯೊಳಗಿನ ಸಿಲಿಕಾ, ಸುಣ್ಣ, ಉಪ್ಪಿನಂಶ ಎಲ್ಲ ನೀರಿನೊಂದಿಗೆ ಕರಗಿ ಹೋಯಿತು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಕರಗದೆ ಉಳಿದವು. ಕೆಂಪು ಬಣ್ಣ ಆ ಕಬ್ಬಿಣದ್ದು. ಕರಗಿಹೋದದ್ದರ ಜಾಗ ತೆರವಾಗಿಯೇ ಉಳಿಯಿತು. ಮುರಕಲ್ಲಿನ ಮೈ ನೀರುದೋಸೆಯ ಮೈಯಂತೆ ತೂತು ತೂತಾಗಿರುವುದು ಅದಕ್ಕೆ.

ಈ ಕಲ್ಲಿನ ಇನ್ನೊಂದು ಗುಣ ನೋಡಿ. ನೆಲದೊಳಗೆ ಇರುವಾಗ ಮೆತ್ತಗೆ, ಕೊಡಲಿಯಲ್ಲಿ ಕಡಿಯಬಹುದು. ಹೊರಗೆ ತೆಗೆದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳ ದಾರಿಯಲ್ಲಿ ಪ್ರಯಾಣ ಮಾಡುವಾಗ ಗಮನಿಸಿದ್ದು ಇದನ್ನೇ. ಮಲಬಾರಿನ ಅಂಗಡಿಪುರದಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟು 1807ರಲ್ಲಿ ಬರೆದ. ಇವತ್ತು ಬ್ರೆಜಿಲ್‌ನಲ್ಲಾಗಲಿ ಆಫ್ರಿಕಾದಲ್ಲಾಗಲಿ ಭೂವಿಜ್ಞಾನ ಓದುವ ಹುಡುಗ ಕಲಿಯುವ ಹೆಸರು ನಮ್ಮ ಕರಾವಳಿಯ ಕಲ್ಲನ್ನು ನೋಡಿ ಇಟ್ಟದ್ದು. ಅಂಗಡಿಪುರದಲ್ಲಿ ಅದಕ್ಕೊಂದು ಸ್ಮಾರಕ ಕಲ್ಲೂ ಇದೆ. ನಮ್ಮ ಮಕ್ಕಳು ಇದನ್ನು ತಿಳಿಯದೆ ಬೇಕಲದಿಂದ ವಾಪಸು ಹೋಗುತ್ತಾರಲ್ಲ ಎಂದು ನನಗೆ ಸಂಕಟವಾಗುತ್ತದೆ.

ಈಗ ಒಬ್ಬ ಹಿರಿಯರ ವಿಷಯ ಹೇಳುತ್ತೇನೆ. ಅವರು ಬಾಯಾರು ಕಡೆಯವರು, ಸುರಂಗ ಕೊರೆಯುವ ಕೆಲಸದವರು. ಹೊರಗಿನ ಕೇಳುಗರಿಗಾಗಿ ಹೇಳುತ್ತೇನೆ: ನಮ್ಮ ಪೈವಳಿಕೆ, ಬಾಯಾರು, ಎಣ್ಮಕಜೆ ಭಾಗದಲ್ಲಿ ಬಾವಿಯ ಬದಲು ಗುಡ್ಡೆಯ ಮಗ್ಗುಲಿಗೆ ಅಡ್ಡಕ್ಕೆ, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಸುರಂಗ ಕೊರೆದು ನೀರು ತರುವ ಕ್ರಮ ಉಂಟು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಒಳಗೆ ಮೇಣದಬತ್ತಿ ಇಟ್ಟುಕೊಂಡು ಕೊರೆಯುತ್ತಾರೆ. ಬತ್ತಿ ನಂದಿದರೆ ಗಾಳಿ ಇಲ್ಲವೆಂದು ತಿಳಿದು ಹೊರಗೆ ಬರುತ್ತಾರೆ. ಈ ಅಜ್ಜನ ಮೊಮ್ಮಗಳು ನಮ್ಮ ಶಾಲೆಯಲ್ಲಿದ್ದಳು. ಬೇಕಲ ಪ್ರವಾಸಕ್ಕೆ ದೊಡ್ಡವರೊಬ್ಬರು ಜೊತೆಗಿರಲಿ ಎಂದು ಅವರನ್ನು ಕರೆದೆವು. ಆಯುಷ್ಯವೆಲ್ಲ ಗುಡ್ಡೆಯ ಹೊಟ್ಟೆಯೊಳಗೆ ಕೆಲಸ ಮಾಡಿದವರು ಬೇಕಲಕ್ಕೆ ಬಂದದ್ದು ಅದೇ ಮೊದಲು.

ಕೋಟೆ ಸುತ್ತಿ ಆಯಿತು. ಮಧ್ಯಾಹ್ನ ಊಟ ಮುಗಿಸಿ ಬಡಗು ದಿಕ್ಕಿಗೆ, ಕಾಪಿಲ್ ಕಡೆಯ ದಂಡೆಗೆ ಹೋದೆವು. ಅಲ್ಲಿಯೂ ಕೆಂಪು ದರೆ, ಅಂದರೆ ಗುಡ್ಡೆಯ ಕಡಿದಾದ ಅಂಚು, ಕಡಲಿಗೆ ಮುಖಮಾಡಿ ನಿಂತಿದೆ. ಮಳೆಗಾಲ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಮಕ್ಕಳೆಲ್ಲ ನೀರಿನತ್ತ ಓಡಿದರು. ಅಜ್ಜ ಮಾತ್ರ ಕಡಲಿಗೆ ಬೆನ್ನು ಹಾಕಿ ದರೆಯನ್ನೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕರೆದರು.

“ಮಾಷ್ಟ್ರೆ, ಇದು ನಮ್ಮದೇ ಗುಡ್ಡೆ ಅಲ್ವಾ?”

“ನಿಮ್ಮ ಗುಡ್ಡೆ ಹೇಗಾಗ್ತದೆ ಅಜ್ಜ?”

“ನಮ್ಮಲ್ಲಿ ಇರುವುದೇ ಇಲ್ಲಿಯೂ ಉಂಟು. ನಾವು ಒಳಗೆ ಹೋಗಿ ಕತ್ತಲೆಯಲ್ಲಿ ನೋಡುವುದು. ಇಲ್ಲಿ ಕಡಲೇ ಕಡಿದು ಬೆಳಕಿನಲ್ಲಿ ತೋರಿಸಿದೆ.”

ನಾನು ಮಕ್ಕಳನ್ನು ಕೂಗಿ ಕರೆದೆ. ಅಜ್ಜ ಕೈಯಲ್ಲೊಂದು ಕೋಲು ಹಿಡಿದು ದೂರದಿಂದಲೇ ತೋರಿಸಿದರು. ಎಲ್ಲಕ್ಕಿಂತ ಮೇಲೆ ಕಪ್ಪು ಹಿಡಿದ ಗಟ್ಟಿ ಪಾರೆ, ಅಂದರೆ ಹಾಸುಬಂಡೆ. ಅದರಡಿಯಲ್ಲಿ ಕೆಂಪು ಕಲ್ಲು, ತೂತುಗಳಿರುವುದು, ಕಡಿದು ಮನೆಗೆ ಹಾಕುವಂಥದ್ದು. ಅದರಡಿಯಲ್ಲಿ ಬಣ್ಣ ಬದಲಾಗುತ್ತದೆ, ಅಲ್ಲಲ್ಲಿ ಹಳದಿ, ಅಲ್ಲಲ್ಲಿ ನೇರಳೆ. ಕೆಳಗೆ ಬಿಳಿ ಜೇಡಿ. “ಜೇಡಿ ಶುರುವಾಗುವಲ್ಲಿ ಒಂದು ಹಸುರು ಗೆರೆ ಕಾಣ್ತದಾ?” ಎಂದು ಕೇಳಿದರು. ನೋಡಿದರೆ ಹೌದು, ದರೆಯ ಉದ್ದಕ್ಕೂ ಪಾಚಿ ಮತ್ತು ಸಣ್ಣ ಜರಿಗಿಡಗಳ ಗೆರೆ. ಅಷ್ಟು ವರ್ಷ ಪಾಠ ಹೇಳಿದ ನನಗೂ ಆ ಗೆರೆಯನ್ನು ಯಾರೂ ಹೀಗೆ ತೋರಿಸಿಕೊಟ್ಟಿರಲಿಲ್ಲ.

ದರೆ ತಗ್ಗಿ ಎದೆಯೆತ್ತರಕ್ಕೆ ಬಂದ ಒಂದು ಕಡೆಗೆ ಅಜ್ಜ ನಮ್ಮನ್ನು ಕರೆದುಕೊಂಡು ಹೋದರು. ಆ ಹಸುರು ಗೆರೆಯ ಕೆಳಗೆ ಅಂಗೈ ಒಡ್ಡಿ ನಿಂತರು. ಹನಿ ಹನಿಯಾಗಿ ನೀರು ಬಿತ್ತು. ಅಂಗೈಯ ಗುಳಿ ತುಂಬಲು ಹೊತ್ತು ಹಿಡಿಯಿತು, ಮಕ್ಕಳು ಗಲಾಟೆ ಮಾಡದೆ ಕಾದರು. ತುಂಬಿದ ಮೇಲೆ ನಾಲಿಗೆಗೆ ಮುಟ್ಟಿಸಿ ನೋಡಿ ಮೊಮ್ಮಗಳ ಕಡೆ ಕೈ ಚಾಚಿದರು. ಅವಳು ಕುಡಿದು, “ಉಪ್ಪೇ ಇಲ್ಲ ಅಜ್ಜ!” ಅಂದಳು. ಕಡಲು ಇಪ್ಪತ್ತು ಹೆಜ್ಜೆ ದೂರ ಇಲ್ಲ. ಆಮೇಲೆ ಎಲ್ಲರಿಗೂ ಕುಡಿಯಬೇಕಾಯಿತು. ಒಬ್ಬೊಬ್ಬರಾಗಿ ಕೈ ಒಡ್ಡಿ ನಿಂತರು, ಬಸ್ಸಿನ ಡ್ರೈವರ್ ಬಂದು ಹಾರ್ನ್ ಹಾಕಿದರೂ ಯಾರೂ ಹೊರಡಲಿಲ್ಲ.

ಅಜ್ಜ ಮಕ್ಕಳಿಗೆ ಹೇಳಿದ್ದು ಇಷ್ಟು. ಮಳೆನೀರು ಪಾರೆಯ ಬಿರುಕಿನಿಂದ ಇಳಿಯುತ್ತದೆ, ಕೆಂಪು ಕಲ್ಲಿನ ತೂತುಗಳಲ್ಲಿ ಇಳಿಯುತ್ತದೆ. ಜೇಡಿ ಅದನ್ನು ಕೆಳಗೆ ಬಿಡುವುದಿಲ್ಲ. ಆಗ ನೀರು ಅಡ್ಡಕ್ಕೆ ದಾರಿ ಹುಡುಕುತ್ತದೆ. “ನಾವು ಗುಡ್ಡೆ ಕೊರೆದುಕೊಂಡು ಹೋಗುವುದು ಈ ಜಾಗ ಹುಡುಕಿಕೊಂಡೇ ಮಕ್ಕಳೇ.” ನಾನು ಬೋರ್ಡಿನಲ್ಲಿ ಚಿತ್ರ ಬರೆದು, ಬಣ್ಣದ ಸೀಮೆಸುಣ್ಣ ಉಪಯೋಗಿಸಿ ಹೇಳುತ್ತಿದ್ದ ಪಾಠ ಅದು. ಅಂಗೈಯ ನೀರಿನಲ್ಲಿ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಹೊರಡುವ ಮೊದಲು ಅವರು ಇನ್ನೊಂದು ಮಾತು ಹೇಳಿದರು. ಅದನ್ನು ಎಲ್ಲರೂ ಕಿವಿಗೊಟ್ಟು ಕೇಳಬೇಕು. ಎತ್ತರದ ದರೆಯ ಬುಡಕ್ಕೆ ಹೋಗಲು ಹೊರಟ ಹುಡುಗರನ್ನು ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. “ಮೇಲೆ ನೋಡಿ” ಅಂದರು. ಮೇಲಿನ ಪಾರೆ ಮಾಡಿನ ಅಂಚಿನಷ್ಟು ಮುಂದಕ್ಕೆ ಚಾಚಿತ್ತು, ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. “ಅಡಿಯ ಜೇಡಿ ಕಡಲು ತಿಂದಾಗಿದೆ. ಸುರಂಗದಲ್ಲಿ ಇಂಥದ್ದು ಕಂಡರೆ ನಾವು ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಓಡುವುದು.”

ಕೆಂಪು ದರೆ ಕುಸಿಯುವುದು ಹೀಗೆಯೇ. ಮೇಲೆ ಗಟ್ಟಿ, ಕೆಳಗೆ ಮೆತ್ತಗೆ. ತೆರೆ ಮೆತ್ತಗಿನದನ್ನು ಕೊರೆದು ಟೊಳ್ಳು ಮಾಡುತ್ತದೆ, ಮೇಲಿನ ಗಟ್ಟಿ ಪದರ ಆಸರೆಯಿಲ್ಲದೆ ಒಂದು ದಿನ ತುಂಡಾಗಿ ಬೀಳುತ್ತದೆ. ಬೀಳುವ ಮೊದಲು ಹೇಳಿಕೊಂಡು ಬೀಳುವುದಿಲ್ಲ. ಮೇಲೆ ನಿಂತವರಿಗೆ ಕಾಲಡಿಯ ನೆಲ ಬಂಡೆಯಂತೆಯೇ ಕಾಣುತ್ತದೆ, ಅದರ ಅಡಿ ಟೊಳ್ಳು ಎಂದು ಗೊತ್ತಾಗುವುದಿಲ್ಲ. ಸೆಲ್ಫಿ ತೆಗೆಯಲು ಅಂಚಿಗೆ ಹೋಗುವ ಹುಡುಗರೇ, ದಯವಿಟ್ಟು ಹೋಗಬೇಡಿ. ಬೇಲಿ ಹಾಕಿದ್ದಲ್ಲಿ ದಾಟಬೇಡಿ, ಬೇಲಿ ಇಲ್ಲದಲ್ಲಿ ನೀವೇ ದೂರ ನಿಲ್ಲಿ. ಕೆಳಗೆ ದಂಡೆಯಲ್ಲಿ ಇರುವವರು ದರೆಯ ನೆರಳಲ್ಲಿ ಬುತ್ತಿ ಬಿಚ್ಚಿ ಕೂರಬೇಡಿ. ಮೊದಲು ಕಲ್ಲು ನೋಡಿ ಎಂದು ನಾನು ಹೇಳುವುದರಲ್ಲಿ ಇದೂ ಸೇರಿತು. ಕಲ್ಲು ನೋಡಲು ಕಲಿತವನು ಅಂಚಿಗೆ ಹೋಗುವುದಿಲ್ಲ.

ಸಮಯ ಹೆಚ್ಚು ಉಳಿದಿಲ್ಲ. ಕೋಟೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಹದಿನೇಳನೆಯ ಶತಮಾನದ ನಡುವೆ ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಕಟ್ಟಿದ ಕೋಟೆ ಇದು. ಸುಮಾರು 40 ಎಕರೆ, ಕೇರಳದಲ್ಲೇ ಅತಿ ದೊಡ್ಡದು. ಆಮೇಲೆ ಹೈದರಾಲಿ, ಟಿಪ್ಪು, 1799ರ ನಂತರ ಕಂಪೆನಿ ಸರ್ಕಾರ. ಆಗ ಇದು ದಕ್ಷಿಣ ಕನ್ನಡಕ್ಕೆ ಸೇರಿದ ಬೇಕಲ ತಾಲೂಕು. ಒಳಗೆ ಅರಮನೆ ಹುಡುಕಬೇಡಿ, ಇದು ಕಾವಲಿಗೆ ಕಟ್ಟಿದ ಕೋಟೆ. ಗೋಡೆಯ ಕೋವಿಕಿಂಡಿಗಳಿಗೆ ಕಣ್ಣಿಟ್ಟು ನೋಡಿ: ಒಂದು ದೂರಕ್ಕೆ ಗುರಿ, ಒಂದು ಹತ್ತಿರಕ್ಕೆ, ಒಂದು ಗೋಡೆಯ ಬುಡಕ್ಕೆ. ಬಾಗಿಲ ಹತ್ತಿರ ಆಂಜನೇಯನ ಗುಡಿ ಇದೆ, ಮೆಟ್ಟಿಲಿನ ಕೆರೆ ಇದೆ, ಮದ್ದುಗುಂಡಿನ ಮನೆ ಇದೆ. ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ, ಅದೇ ಮುರಕಲ್ಲು. ನೆಲದಲ್ಲಿರುವ ಕಲ್ಲನ್ನೇ ನಾಯಕರ ಜನ ಎತ್ತಿ ನಿಲ್ಲಿಸಿದರು. ಮೂರು ಕಡೆ ಕಡಲೇ ಕಂದಕವಾಗುವ ಈ ಭೂಶಿರ ಇಲ್ಲಿ ಇಲ್ಲದಿದ್ದರೆ ಅವರೂ ಇಲ್ಲಿಗೆ ಬರುತ್ತಿರಲಿಲ್ಲ.

ಹೋಗುವುದು ಯಾವಾಗ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆಗೆ ಇಳಿಯುವುದು ಬೇಡ, ಕೋಟೆಯ ಮೇಲಿನಿಂದ ಕಡಲು ನೋಡಿದರೆ ಸಾಕು. ಮಳೆಗಾಲದ ತೆರೆ ದಂಡೆಯ ಮರಳನ್ನು ಎಳೆದುಕೊಂಡು ಹೋಗುತ್ತದೆ, ಆಮೇಲಿನ ತಿಂಗಳುಗಳಲ್ಲಿ ತಂದು ಹಾಕುತ್ತದೆ. ಹಾಗಾಗಿ ಮಳೆ ಬಿಟ್ಟ ಹೊಸತರಲ್ಲಿ, ಅಕ್ಟೋಬರ್, ನವೆಂಬರ್ ಹೊತ್ತಿಗೆ, ಕಲ್ಲು ಹೆಚ್ಚು ತೆರೆದು ಕಾಣುತ್ತದೆ. ನೀರಿಳಿತದ ಹೊತ್ತು ಮೀನುಗಾರರಲ್ಲಿ ಕೇಳಿ ತಿಳಿದುಕೊಳ್ಳಿ. ಬೆಳಗ್ಗೆ ಬೇಗ ಹೊರಡಿ, ಅಲ್ಲಿ ನೆರಳು ಕಡಿಮೆ. ರೈಲಿನಲ್ಲಿ ಬರುವವರಿಗೆ ಬೇಕಲ ಕೋಟೆ ಎಂಬ ಸಣ್ಣ ನಿಲ್ದಾಣವೇ ಇದೆ, ಎಲ್ಲ ಗಾಡಿ ನಿಲ್ಲುವುದಿಲ್ಲ. ಇಲ್ಲವೆಂದರೆ ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಇಳಿದು ಬಸ್ಸು ಹಿಡಿಯಿರಿ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಮಕ್ಕಳ ಕೈಯಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲು ಇರಲಿ. ದೂರ ಕುಳಿತು ದರೆಯ ಚಿತ್ರ ಬರೆಯಲಿ: ಪಾರೆ, ಕೆಂಪು ಕಲ್ಲು, ಜೇಡಿ, ನೀರಿನ ಗೆರೆ. ಚಿತ್ರ ಮುಗಿದ ಮೇಲೆಯೇ ಕೋಟೆಗೆ ಕರೆದುಕೊಂಡು ಹೋಗಿ. ಮನೆಗೆ ಮರಳಿದ ಮೇಲೆ ಹಿರಿಯರೊಬ್ಬರನ್ನು ಜೊತೆಯಲ್ಲಿ ನಿಲ್ಲಿಸಿಕೊಂಡು ತಮ್ಮ ಬಾವಿಯ ಒಳಗೋಡೆ ನೋಡಲಿ, ಅದೇ ಪದರಗಳು ಎಷ್ಟು ಕೋಲು ಆಳದಲ್ಲಿ ಬರುತ್ತವೆ ಎಂದು ಕೇಳಿ ಆ ಚಿತ್ರದ ಪಕ್ಕದಲ್ಲೇ ಬರೆದುಕೊಳ್ಳಲಿ.

ನಮಸ್ಕಾರ.